ಕರಿಯನ ಹಿಂಗಾಲು

ಪುಟ್ಟಾ, "ಕರಿಯ ಸೋಮಾರಿಯಾಗಿದ್ದಾನೆ ಅಜ್ಜಾ, ಮೆಟ್ಟಿಲ ಬುಡಕ್ಕೆ ಬಂದು ನಿಂತುಬಿಡ್ತಾನೆ" ಅಂತ ನಿನ್ನೆ ಫೋನಿನಲ್ಲಿ ನಕ್ಕೆಯಲ್ಲ, ನನಗೆ ನಗು ಬರಲಿಲ್ಲ. ನಾಯಿಮರಿಯಾಗಿದ್ದಾಗ ಬೈಕಿಗೆ ಸಿಕ್ಕು ಮುರಿದ ಹಿಂಗಾಲು ಅದು. ಮೂಳೆ ಕೂಡಿಕೊಂಡಿತು, ಮಂಡಿಯ ಕೀಲು ಮೊದಲಿನಂತಾಗಲಿಲ್ಲ. ಕೀಲಿನೊಳಗಿನ ಮೃದ್ವಸ್ಥಿ ಸವೆದರೆ ಮತ್ತೆ ಬೆಳೆಯುವುದಿಲ್ಲ ಕಣೋ. ಎಂಟು ವರ್ಷ ತಡೆದುಕೊಂಡಿದ್ದು ಈಗ ಸಂಧಿವಾತವಾಗಿ ಕಾಣಿಸಿಕೊಂಡಿದೆ.

ಅವನು ನರಳಲಿ ಅಂತ ಕಾಯಬೇಡ. ಬೆಳಗ್ಗೆ ಏಳಲು ಎಷ್ಟು ತಿಣುಕುತ್ತಾನೆ, ನಾಲ್ಕು ಹೆಜ್ಜೆ ಹಾಕಿದ ಮೇಲೆ ಕಾಲು ಸಡಿಲಾಗುತ್ತದೆಯೇ, ಅದೇ ಮಂಡಿಯನ್ನು ನೆಕ್ಕುತ್ತಾ ಕೂರುತ್ತಾನೆಯೇ ನೋಡು. ಎರಡೂ ತೊಡೆ ಹಿಡಿದು ನೋಡು. ನೋವಿನ ಕಡೆಯದು ಬಡಕಲಾಗಿರುತ್ತದೆ. ನಡಿಗೆಯನ್ನು ಮೊಬೈಲಿನಲ್ಲಿ ವಿಡಿಯೊ ಮಾಡಿಟ್ಟುಕೋ. ಡಾಕ್ಟರ ಮುಂದೆ ಹೆದರಿ ಕುಂಟುವುದನ್ನೇ ಮರೆಯುವ ನಾಯಿಗಳುಂಟು.

ನಾನು ಮಾಡಿದ ತಪ್ಪನ್ನು ನೀನು ಮಾಡಬೇಡ. ನಮ್ಮ ಹಳೇ ನಾಯಿ ಬೆಳ್ಳಿ ಕುಂಟಿದಾಗ ನನ್ನ ಮಂಡಿನೋವಿನ ಮಾತ್ರೆಯನ್ನೇ ಅರ್ಧ ಮುರಿದು ಅನ್ನದಲ್ಲಿಟ್ಟು ಕೊಟ್ಟಿದ್ದೆ. ಮೂರನೇ ದಿನ ವಾಂತಿ, ಡಾಂಬರಿನಂಥ ಕಪ್ಪು ಮಲ. ಹೊಟ್ಟೆಯಲ್ಲಿ ಹುಣ್ಣಾಗಿತ್ತು. ಐಬುಪ್ರೊಫೇನ್, ಪ್ಯಾರಾಸಿಟಮಾಲ್, ಡೈಕ್ಲೊಫಿನಾಕ್, ನಮ್ಮ ಡಬ್ಬಿಯದು ಯಾವುದೂ ಬೇಡ. ಮೆಲಾಕ್ಸಿಕ್ಯಾಮಿನಂಥದ್ದನ್ನು ಪಶುವೈದ್ಯರೇ ತೂಕ ನೋಡಿ, ರಕ್ತಪರೀಕ್ಷೆಯಲ್ಲಿ ಮೂತ್ರಪಿಂಡ, ಯಕೃತ್ತು ಸರಿಯಿದೆಯೆಂದು ಕಂಡು ಬರೆದುಕೊಡಲಿ. ಕೊಡುವುದು ಊಟವಾದ ಮೇಲೆ. ಬೇರೆಯವರು ಬರೆದ ಸ್ಟೀರಾಯ್ಡ್ ಏನಾದರೂ ನಡೆಯುತ್ತಿದ್ದರೆ ಮೊದಲೇ ಹೇಳು, ಎರಡೂ ಒಟ್ಟಿಗೆ ಕೂಡದು.

ಮಾತ್ರೆಗಿಂತ ಕಷ್ಟದ್ದು ನಿಮ್ಮಮ್ಮನ ಕೈ ತಡೆಯುವುದು. ಬೆಳಗ್ಗೆ ಬಿಸ್ಕತ್ತು, ಸಂಜೆ ಚಪಾತಿ, ಹಬ್ಬಕ್ಕೆ ಹೋಳಿಗೆ! ಹೆಚ್ಚಿದ ಒಂದೊಂದು ಕಿಲೋ ಕೂಡ ಆ ಕೀಲಿನ ಮೇಲೇ ಕೂರುತ್ತದೆ. ಮುಟ್ಟಿದರೆ ಪಕ್ಕೆಲುಬು ಕೈಗೆ ಸಿಗಬೇಕು, ಮೇಲಿಂದ ನೋಡಿದರೆ ಸೊಂಟ ಕಾಣಬೇಕು. ನಿಮ್ಮ ಮನೆಯ ಹೊಳೆಯುವ ಟೈಲ್ಸ್ ಅವನಿಗೆ ಪಾಚಿಗಟ್ಟಿದ ಬಂಡೆಯಿದ್ದಂತೆ. ಓಡಾಡುವಲ್ಲಿ ಗೋಣಿಚೀಲ ಹಾಸು, ಉಗುರು ಕತ್ತರಿಸು. ಕಟ್ಟಿಹಾಕಿ ಕೂರಿಸಬೇಡ, ತೊಡೆ ಇನ್ನಷ್ಟು ಸೊರಗುತ್ತದೆ. ದಿನಕ್ಕೆರಡು ಸಲ ಹತ್ತು ನಿಮಿಷ ನಿಧಾನಕ್ಕೆ ನಡೆಸು. ವಾರವಿಡೀ ಮರೆತು ಭಾನುವಾರ ಚೆಂಡೆಸೆದು ಓಡಿಸುವ ಪ್ರೀತಿ ಬೇಡ.

ಸೋಮವಾರ ಆಸ್ಪತ್ರೆಗೆ ಹೋಗುವಾಗ ಆಟೊ ಹತ್ತಿಸಲು ಅವನ ಹೊಟ್ಟೆಯಡಿ ಟವೆಲ್ ಕೊಟ್ಟು ಎತ್ತು, ಕಾಲು ಹಿಡಿದು ಎಳೆಯಬೇಡ. ಏನಂದರು ಅಂತ ರಾತ್ರಿ ಫೋನ್ ಮಾಡು.