ಶೆನಾಂಡೋವಾ: ಮೊದಲು ಇಳಿಜಾರು, ಆಮೇಲೆ ಏರು



ಬೇಸಿಗೆಯಲ್ಲಿ ಊರಿನಿಂದ ಅಪ್ಪ ಅಮ್ಮ ಬಂದರೆ, ವಾಷಿಂಗ್ಟನ್ ಡಿ.ಸಿ. ಸುತ್ತಮುತ್ತಲಿನ ನಾವೆಲ್ಲ ಅವರನ್ನು ಸುಮಾರು 75 ಮೈಲಿ ದೂರದ ಶೆನಾಂಡೋವಾ ರಾಷ್ಟ್ರೀಯ ಉದ್ಯಾನಕ್ಕೆ ಕರೆದೊಯ್ಯುತ್ತೇವೆ. ಹೊರಡುವ ಮುನ್ನ ಒಂದು ಸಣ್ಣ ಪಾಠ ಕಲಿಯೋಣ.

ನಮ್ಮೂರಿನಲ್ಲಿ ಬೆಟ್ಟವೆಂದರೆ ಬುಡದಿಂದ ಹತ್ತುವುದು. ಸುಸ್ತಾದರೆ ಅರ್ಧಕ್ಕೇ ತಿರುಗಿ ಇಳಿದರಾಯಿತು. ಇಲ್ಲಿ ಲೆಕ್ಕ ತಲೆಕೆಳಗು. 105 ಮೈಲಿ ಉದ್ದದ ಸ್ಕೈಲೈನ್ ಡ್ರೈವ್ ರಸ್ತೆ ಬ್ಲೂ ರಿಜ್ ಬೆಟ್ಟಸಾಲಿನ ನೆತ್ತಿಯ ಮೇಲೇ ಸಾಗುತ್ತದೆ. ಜಲಪಾತಗಳಿರುವುದು ಅದರ ಕೆಳಗಿನ ಕಣಿವೆಗಳಲ್ಲಿ. ಹೋಗುವಾಗ ಇಳಿಜಾರು, ದಣಿದು ಮರಳುವಾಗ ಏರು!

ಡಾರ್ಕ್ ಹಾಲೋ ಜಲಪಾತವನ್ನೇ ನೋಡಿ. ಹೋಗಿಬರಲು ಒಟ್ಟು 1.4 ಮೈಲಿ ಅಷ್ಟೇ. ಆದರೆ ಮರಳುವಾಗ ಹತ್ತಬೇಕಾದದ್ದು 440 ಅಡಿ, ಅಂದರೆ ಸುಮಾರು ನಲವತ್ತು ಅಂತಸ್ತಿನ ಕಟ್ಟಡದಷ್ಟು. "ದೇವರಾಯನದುರ್ಗ ಹತ್ತಿದವಳಿಗೆ ಇದ್ಯಾವ ಲೆಕ್ಕ ಬಿಡೋ" ಎಂದು ನಮ್ಮಮ್ಮ ಚಪ್ಪಲಿಯಲ್ಲೇ ಸರಸರನೆ ಇಳಿದರು. ಬರುವಾಗ ಮಂಡಿ ಹಿಡಿದುಕೊಂಡು ಹತ್ತು ಹೆಜ್ಜೆಗೊಮ್ಮೆ ಕೂತರು. ನೀರಿನ ಬಾಟಲಿ ಕಾರಿನಲ್ಲೇ ಉಳಿದಿತ್ತು, ಮೊಬೈಲಿಗೆ ಸಿಗ್ನಲ್ ಇರಲಿಲ್ಲ. ಕತ್ತಲಾಗುವ ಹೊತ್ತಿಗೆ ಹೇಗೋ ಮೇಲೆ ಬಂದೆವು. ತಪ್ಪು ಅಮ್ಮನದಲ್ಲ, ನಕ್ಷೆಯಲ್ಲಿ ಮೈಲಿ ಮಾತ್ರ ನೋಡಿ ಅಡಿ ನೋಡದ ನನ್ನದು.

ಅಂದಿನಿಂದ ನಮ್ಮ ಮನೆಯ ನಿಯಮಗಳು ಇವು:

1. ದೂರದ ಜೊತೆಗೆ ಏರಿನ ಅಡಿಯನ್ನೂ ನೋಡಿ.
2. ಇಳಿಯಲು ಹಿಡಿದ ಸಮಯದ ಎರಡರಷ್ಟನ್ನು ಹತ್ತಲು ಇಟ್ಟುಕೊಳ್ಳಿ. ಅರ್ಧದಷ್ಟು ನೀರನ್ನೂ ಉಳಿಸಿಕೊಳ್ಳಿ.
3. ಸ್ಕೈಲೈನ್ ಡ್ರೈವ್‌ನಲ್ಲಿ ವೇಗದ ಮಿತಿ ಗಂಟೆಗೆ 35 ಮೈಲಿ. ಫ್ರಂಟ್ ರಾಯಲ್ ದ್ವಾರದಿಂದ 50ನೇ ಮೈಲಿಗಲ್ಲಿಗೆ ಸುಮಾರು ಒಂದೂವರೆ ಗಂಟೆ ಬೇಕು. ಬೆಳಿಗ್ಗೆ ಬೇಗ ಹೊರಡಿ.
4. ಮೇಲೆ ಕಣಿವೆಗಿಂತ ಸುಮಾರು 10 ಡಿಗ್ರಿ ಫ್ಯಾರನ್‌ಹೀಟ್ ತಂಪು. ಸ್ವೆಟರ್ ಮರೆಯಬೇಡಿ.

ಹಿರಿಯರಿಗೆ 43ನೇ ಮೈಲಿಯ ಲಿಂಬರ್‌ಲಾಸ್ಟ್ ಹಾದಿ ಒಳ್ಳೆಯದು. 1.3 ಮೈಲಿಯ ಈ ಸುತ್ತು ಹೆಚ್ಚುಕಡಿಮೆ ಸಮತಟ್ಟು. ಸ್ವಲ್ಪ ಹತ್ತಬಲ್ಲವರಿಗೆ ಸ್ಟೋನಿ ಮ್ಯಾನ್ ಇದೆ. ಅಲ್ಲಿ ನಮ್ಮೂರಿನಂತೆಯೇ ಮೊದಲು ಏರು, ಆಮೇಲೆ ಇಳಿಜಾರು.

ಈ ವರ್ಷ ಅಮ್ಮ ಅದನ್ನೇ ಹತ್ತಿ, ಬಂಡೆಯ ಮೇಲೆ ಕೂತು ಚಿತ್ರಾನ್ನ ತಿಂದರು. ನಿಮ್ಮ ಪ್ರವಾಸವೂ ಸುಖಕರವಾಗಿರಲಿ!