ತಬ್ಬಲಿ ಕರುವಿಗೆ ಯಾರು? – ಮಕ್ಕಳ ಪ್ರಾಣಿಕಥೆಗಳಲ್ಲಿ ನೆಲೆಯ ಅರಸುವಿಕೆ

ಎಳೆಯ ಮಕ್ಕಳಿಗೆ ಕಥೆ ಹೇಳತೊಡಗಿದಾಗ ಹುಲಿ, ನರಿ, ಮೊಲ, ಕರುಗಳು ತಾವಾಗಿಯೇ ನಮ್ಮ ನಾಲಗೆಗೆ ಬರುತ್ತವೆ. ಅವು ಮಾತನಾಡುತ್ತವೆ, ನಾಚುತ್ತವೆ, ಅಳುತ್ತವೆ. ಮಗುವಿಗೆ ಇದರಲ್ಲಿ ಯಾವ ಸಂಶಯವೂ ಇಲ್ಲ. ಇಂತಹ ಕಥೆಗಳ ಕೊನೆಯಲ್ಲಿ ನೀತಿಯೊಂದನ್ನು ಬರೆಯಿಸುವುದು ಶಾಲೆಗಳಲ್ಲಿ ಬಹುಕಾಲದಿಂದ ನಡೆದುಬಂದ ವಾಡಿಕೆ. ಆದರೆ ನೀತಿಯನ್ನು ತಿಳಿಯುವುದಕ್ಕೆ ಮೊದಲೇ ಮಗುವಿನ ಮನಸ್ಸಿನಲ್ಲಿ ಬೇರೊಂದು ಪ್ರಶ್ನೆ ಏಳುತ್ತದೆ: ಈ ಪ್ರಾಣಿ ಯಾರ ಪೈಕಿ? ಇದನ್ನು ತಮ್ಮದೆನ್ನುವವರು ಯಾರು? ಈ ಪ್ರಶ್ನೆಗೆ ಕಥೆಗಳು ಕೊಡುವ ಉತ್ತರಗಳನ್ನು ಪರಿಶೀಲಿಸುವುದೇ ಈ ಲೇಖನದ ಉದ್ದೇಶ.

ಡೆನ್ಮಾರ್ಕಿನ ಹ್ಯಾನ್ಸ್ ಕ್ರಿಶ್ಚಿಯನ್ ಆಂಡರ್ಸನ್ 1843ರಲ್ಲಿ ಪ್ರಕಟಿಸಿದ ಕುರೂಪಿ ಬಾತುಮರಿಯ ಕಥೆ ಜಗತ್ಪ್ರಸಿದ್ಧವಾದುದು. ಅಂಗಳದ ಕೋಳಿ ಬಾತುಗಳೆಲ್ಲವೂ ಆ ಮರಿಯನ್ನು ಕುಕ್ಕುತ್ತವೆ. ಮೊದಮೊದಲು ಅದರ ಪರವಾಗಿ ವಾದಿಸಿದ ತಾಯಿಯೂ ಕಡೆಗೆ ಬೇಸತ್ತು, ಇದು ದೂರ ಹೋದರೆ ಸಾಕೆನ್ನುತ್ತಾಳೆ. ಚಳಿಗಾಲವನ್ನು ಒಂಟಿಯಾಗಿ ಕಳೆದ ಮರಿ, ತಾನು ಹಂಸವೆಂಬುದನ್ನು ನೀರಿನ ಪ್ರತಿಬಿಂಬದಲ್ಲಿ ಕಂಡುಕೊಳ್ಳುತ್ತದೆ. ಚಮ್ಮಾರನ ಮಗನಾಗಿ ಹುಟ್ಟಿ, ದಾರಿದ್ರ್ಯವನ್ನುಂಡು ಬೆಳೆದ ಆಂಡರ್ಸನ್ನನ ಬಾಳಿನ ನೋವು ಈ ಕಥೆಯಲ್ಲಿದೆ. ಕಥೆ ಸುಂದರವೇ ಸರಿ; ಆದರೆ ಅಂಗಳದ ತಪ್ಪು ಕೊನೆಯವರೆಗೂ ತಿದ್ದಲ್ಪಡುವುದಿಲ್ಲ. ಹಂಸವಲ್ಲದ ಮರಿಯಾಗಿದ್ದರೆ ಅದರ ಗತಿಯೇನು?

ಪಂಚತಂತ್ರದ ನೀಲಿ ನರಿಯದು ಇದಕ್ಕೆ ವಿಪರೀತವಾದ ಕಥೆ. ಬಣ್ಣದ ತೊಟ್ಟಿಯಲ್ಲಿ ಬಿದ್ದು ಮೈಬಣ್ಣ ಬದಲಾದ ನರಿ ಕಾಡಿನ ಅರಸನಾಗಿ ಮೆರೆಯುತ್ತದೆ. ತನ್ನ ಗುಟ್ಟು ಬಯಲಾದೀತೆಂಬ ಭಯದಿಂದ ತನ್ನ ಕುಲದ ನರಿಗಳನ್ನೇ ದೂರ ಅಟ್ಟುತ್ತದೆ. ಒಂದು ದಿನ ದೂರದ ನರಿಗಳ ಊಳು ಕಿವಿಗೆ ಬಿದ್ದೊಡನೆ ತಾನೂ ಊಳಿಡುತ್ತದೆ, ಪ್ರಾಣವನ್ನೇ ಕಳೆದುಕೊಳ್ಳುತ್ತದೆ. ಇದನ್ನು ವಂಚಕನಿಗಾದ ಶಿಕ್ಷೆಯೆಂದೇ ಹೇಳಿಕೊಡುವುದು ರೂಢಿ. ಆದರೆ ಆ ಊಳಿನಲ್ಲಿ ತನ್ನವರಿಗಾಗಿ ಹಂಬಲಿಸುವ ದನಿಯೂ ಇಲ್ಲವೇ? ಸ್ವಂತ ದನಿಯನ್ನು ಬಚ್ಚಿಟ್ಟು ಪಡೆದ ಗೌರವ ಎಂದೂ ನೆಲೆಯಾಗದು.

ಮುಂಬಯಿಯಲ್ಲಿ ಜನಿಸಿ, ಎಳವೆಯಲ್ಲೇ ತಂದೆತಾಯಿಗಳಿಂದ ಅಗಲಿ ಇಂಗ್ಲೆಂಡಿನ ಅನ್ಯರ ಮನೆಯಲ್ಲಿ ಬೆಳೆಯಬೇಕಾಗಿ ಬಂದ ಕಿಪ್ಲಿಂಗ್ ಬರೆದ ‘ಜಂಗಲ್ ಬುಕ್’ 1894ರಲ್ಲಿ ಹೊರಬಂತು. ಅದರಲ್ಲಿ ತೋಳಗಳ ಸಭೆಯದೊಂದು ಕಟ್ಟಳೆಯುಂಟು. ಮರಿಯೊಂದನ್ನು ಹಿಂಡಿಗೆ ಸೇರಿಸಿಕೊಳ್ಳುವ ಬಗ್ಗೆ ವಿವಾದವೆದ್ದರೆ, ಅದರ ತಂದೆತಾಯಿಗಳಲ್ಲದ ಇಬ್ಬರಾದರೂ ಅದರ ಪರವಾಗಿ ಮಾತನಾಡಬೇಕು. ಮನುಷ್ಯಶಿಶುವಾದ ಮೌಗ್ಲಿಯ ಪರವಾಗಿ ಮೊದಲು ಎದ್ದು ನುಡಿದವನು ಬಾಲೂ ಎಂಬ ಕರಡಿ. ಅವನು ತೋಳಮರಿಗಳ ಗುರು! ಮುಂದೆ ಹಿಂಡೂ ಹಳ್ಳಿಯೂ ಮೌಗ್ಲಿಯನ್ನು ಹೊರದೂಡಿದ್ದು ನಿಜ; ಆದರೆ ಅವನು ಬದುಕಿ ಬೆಳೆದುದು ಆ ಒಂದು ಮಾತಿನ ಬಲದಿಂದ.

ಈ ದೃಷ್ಟಿಯಿಂದ ನೋಡಿದಾಗ ನಮ್ಮ ‘ಗೋವಿನ ಹಾಡು’ ಹೊಸ ಅರ್ಥವನ್ನು ತೋರುತ್ತದೆ. ಕರ್ತೃ ಯಾರೆಂದು ತಿಳಿಯದ ಈ ಜನಪದ ಕಥನಗೀತವನ್ನು ಸತ್ಯಪಾಲನೆಯ ಕಥೆಯೆಂದು ನಾವೆಲ್ಲರೂ ಕಲಿತಿದ್ದೇವೆ, ಕಲಿಸಿದ್ದೇವೆ. ಆದರೆ ಹುಲಿಗೆ ಮಾತು ಕೊಟ್ಟು ದೊಡ್ಡಿಗೆ ಮರಳಿದ ಪುಣ್ಯಕೋಟಿ ಅಲ್ಲಿ ಮಾಡಿದ್ದೇನು? ಕರುವಿಗೆ ಹಾಲೂಡಿದ ಮೇಲೆ, ಉಳಿದ ಹಸುಗಳನ್ನು ಅಕ್ಕತಂಗಿಯರಂತೆ ಕಂಡು, ತಬ್ಬಲಿಯಾಗಲಿರುವ ಕಂದನನ್ನು ಹಾಯದೆ, ಒದೆಯದೆ, ನಿಮ್ಮದೇ ಮಗುವೆಂದು ನೋಡಿಕೊಳ್ಳಿರೆಂದು ಒಪ್ಪಿಸುತ್ತಾಳೆ. ಸತ್ಯ ಹುಲಿಗೆ ಸಲ್ಲುವ ಋಣವಾದರೆ, ಕರುವಿನ ನೆಲೆ ಮಂದೆ ಹೊರಬೇಕಾದ ಹೊಣೆ. ಕಡೆಗೆ ಹುಲಿಯೂ ಅವಳನ್ನು ಒಡಹುಟ್ಟಿದವಳೆಂದು ಬಗೆದು ಪ್ರಾಣ ಬಿಡುತ್ತದೆ. ಆ ಹುಲಿಗಾಗಿ ಕಣ್ಣೀರಿಟ್ಟ ಮಗುವನ್ನು ಕಾಣದ ಶಿಕ್ಷಕರು ವಿರಳ. ಮಕ್ಕಳು ಆ ಹುಲಿಗೂ ಒಂದು ನೆಲೆಯನ್ನು ಬಯಸುತ್ತಾರೆ.

ಈ ವಿಚಾರ ಕಾಳಿ ನದಿಯ ದಡದ ಹಣಕೋಣದಂಥ ಊರಿಗೆ ಬರಿಯ ಸಾಹಿತ್ಯಚರ್ಚೆಯಲ್ಲ. ಇಲ್ಲಿಯ ಎಷ್ಟೋ ಮಕ್ಕಳ ಮನೆಮಾತು ಕೊಂಕಣಿ. ಶಾಲೆಯ ಮಾತು ಕನ್ನಡ. ಮನೆಯಲ್ಲಿ ‘ವಾಗ್’ ಆಗಿದ್ದುದು ತರಗತಿಯಲ್ಲಿ ಹುಲಿಯಾಗುತ್ತದೆ, ‘ಗಾಯ್’ ಹಸುವಾಗುತ್ತದೆ. ಮೊದಲ ದಿನಗಳಲ್ಲಿ ಅಂತಹ ಮಗು ಮಾತನಾಡಲು ಹಿಂಜರಿದರೆ ಅದನ್ನು ದಡ್ಡತನವೆಂದು ಎಣಿಸುವುದು ಅಂಗಳದ ಬಾತುಗಳ ನ್ಯಾಯವಾದೀತು. ಮನೆಮಾತನ್ನು ಅಡಗಿಸಿಡೆಂದು ಹೇಳುವುದು ಅದನ್ನು ನೀಲಿ ನರಿಯಾಗಿಸಿದಂತೆ. ಇನ್ನು ನೆಲವನ್ನೇ ಕಳೆದುಕೊಂಡವರ ಪಾಡು ಬೇರೆ. 1986ರಲ್ಲಿ ಶಂಕುಸ್ಥಾಪನೆಯಾದ ಸೀಬರ್ಡ್ ನೌಕಾನೆಲೆಗಾಗಿ ಕಾರವಾರ ಮತ್ತು ಅಂಕೋಲಾ ತಾಲ್ಲೂಕುಗಳ ಸಾವಿರಾರು ಕುಟುಂಬಗಳು ಮನೆ, ಗದ್ದೆ, ಕಡಲ ದಂಡೆಗಳನ್ನು ಬಿಟ್ಟು ಏಳಬೇಕಾಯಿತು. ಅಂತಹ ಮನೆಯ ಮಗುವಿಗೆ ‘ನಿನ್ನ ಊರು ಯಾವುದು?’ ಎಂಬ ಸಹಜ ಪ್ರಶ್ನೆಯೂ ಕಠಿಣವಾಗುತ್ತದೆ. ಅದರ ಉತ್ತರವನ್ನು ಪಠ್ಯಪುಸ್ತಕದಲ್ಲಿ ಹುಡುಕಿದರೆ ಸಿಗದು. ಪುಣ್ಯಕೋಟಿಯ ಕರುವಿನ ಕಥೆಯಲ್ಲಿ ಅದು ತನ್ನನ್ನೇ ಕಂಡರೆ ಆಶ್ಚರ್ಯವಿಲ್ಲ.

ಆದುದರಿಂದ ಶಿಕ್ಷಕ ಬಂಧುಗಳಲ್ಲಿ ಒಂದು ವಿನಂತಿ. ಪ್ರಾಣಿಕಥೆಯನ್ನು ಹೇಳಿ ಮುಗಿಸಿದೊಡನೆ ನೀತಿಯನ್ನು ಬರೆಯಿಸಲು ಅವಸರಪಡದೆ, ಈ ಕರುವನ್ನು ನೀವಾಗಿದ್ದರೆ ಹೇಗೆ ನೋಡಿಕೊಳ್ಳುತ್ತಿದ್ದಿರಿ ಎಂದು ಕೇಳೋಣ. ಈ ಪ್ರಾಣಿಗೆ ನಿಮ್ಮ ಮನೆಯಲ್ಲಿ ಏನೆನ್ನುತ್ತೀರೆಂದು ವಿಚಾರಿಸಿ, ಆ ಹೆಸರನ್ನೂ ಕರಿಹಲಗೆಯ ಮೇಲೆ ಕನ್ನಡದ ಹೆಸರಿನ ಪಕ್ಕದಲ್ಲಿಯೇ ಬರೆಯೋಣ. ಇದರಿಂದ ಕನ್ನಡಕ್ಕೆ ಕುಂದಿಲ್ಲ. ಆ ಮಗುವಿಗೆ ಕನ್ನಡವೂ ತನ್ನದಾಗುತ್ತದೆ.

ಬಂದವನನ್ನು ಯಾರವನೆಂದು ಕೇಳಿ ದೂರವಿಡದೆ ನಮ್ಮವನೆಂದೇ ಎಣಿಸಬೇಕೆಂಬ ಬಸವಣ್ಣನವರ ಪ್ರಾರ್ಥನೆ ಮಠದ ನೆರಳಿನ ಶಾಲೆಗಳಲ್ಲಿ ಕಲಿತವರಿಗೆ ಕಂಠಪಾಠವಾಗಿರುವಂಥದು. ಹನ್ನೆರಡನೆಯ ಶತಮಾನದ ಆ ಮಾತಿಗೂ ದೊಡ್ಡಿಯಲ್ಲಿ ಪುಣ್ಯಕೋಟಿ ಆಡಿದ ಮಾತಿಗೂ ಅಂತರವೇನೂ ಇಲ್ಲ. ಶಾಲೆಯ ಕಟ್ಟಡಕ್ಕೆ ಕಲ್ಲು ಕೊಟ್ಟವರು, ಅನ್ನ ಅಕ್ಷರಗಳಿಗೆ ನೆರವಾದವರು, ಇಲ್ಲಿ ಕಲಿತು ಹೊರಹೋದವರು – ಇವರೆಲ್ಲರೂ ಆ ಮಂದೆಗೆ ಸೇರಿದವರೇ. ತಂದೆತಾಯಿಗಳಲ್ಲದೆಯೂ ಒಂದು ಮಗುವಿನ ಪರವಾಗಿ ಎದ್ದು ಮಾತನಾಡುವವರು ಇರುವವರೆಗೆ ಯಾವ ಕರುವೂ ತಬ್ಬಲಿಯಲ್ಲ.