ಮಾಜಿ ಸೈನಿಕರೇ, ಪಿಂಚಣಿಯ ಕಡತ ಒಮ್ಮೆ ಬಿಚ್ಚಿ ನೋಡಿ

2025–26ರ ಕೇಂದ್ರ ಬಜೆಟ್‌ನಲ್ಲಿ ರಕ್ಷಣೆಗೆ ಇಟ್ಟ 6.81 ಲಕ್ಷ ಕೋಟಿ ರೂಪಾಯಿಯಲ್ಲಿ ಸುಮಾರು 1.61 ಲಕ್ಷ ಕೋಟಿ ಪಿಂಚಣಿಯ ಪಾಲು. ಹೊಸ ವಿಮಾನಕ್ಕೆ, ತೋಪಿಗೆ ದುಡ್ಡು ಸಾಲದು ಎಂಬ ಮಾತು ಎದ್ದಾಗಲೆಲ್ಲ ದೆಹಲಿಯ ಕಣ್ಣು ಈ ಅಂಕಿಯ ಮೇಲೆ ಬೀಳುತ್ತದೆ. 2022ರಲ್ಲಿ ಬಂದ ಅಗ್ನಿಪಥ ನೇಮಕಾತಿ ಯೋಜನೆಯಲ್ಲಿ ನಾಲ್ಕು ವರ್ಷ ಮುಗಿಸಿ ಹೊರಬರುವವರಿಗೆ ಪಿಂಚಣಿಯೇ ಇಲ್ಲ. ಎಂಟನೇ ವೇತನ ಆಯೋಗಕ್ಕೆ 2025ರ ನವೆಂಬರ್‌ನಲ್ಲಿ ಗೊತ್ತುಮಾಡಿದ ಕಾರ್ಯವ್ಯಾಪ್ತಿಯಲ್ಲೂ ವಂತಿಗೆಯಿಲ್ಲದ ಪಿಂಚಣಿಗಳ ಹೊರೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕೆಂಬ ಸಾಲು ಸೇರಿದೆ.

ಈಗಾಗಲೇ ಪಿಂಚಣಿ ಪಡೆಯುತ್ತಿರುವವರು ಇದಕ್ಕೆ ಗಾಬರಿಯಾಗಬೇಕಿಲ್ಲ. ಪಿಂಚಣಿ ಸರ್ಕಾರದ ದಾನವಲ್ಲ, ಸಲ್ಲಿಸಿದ ಸೇವೆಗೆ ಸಿಗುವ ಹಕ್ಕು ಎಂದು ಸುಪ್ರೀಂ ಕೋರ್ಟ್ 1982ರ ಡಿಸೆಂಬರ್ 17ರಂದು ಡಿ.ಎಸ್. ನಕಾರಾ ಪ್ರಕರಣದಲ್ಲಿ ಹೇಳಿಯಾಗಿದೆ. ಮೂಲ ಪಿಂಚಣಿಗೆ ನೇರವಾಗಿ ಕೈಹಾಕುವುದು ಸುಲಭವಲ್ಲ. ಖಜಾನೆ ಬಿಗಿಯಾದಾಗ ಪೆಟ್ಟು ಬೀಳುವುದು ಅದರ ಸುತ್ತಲಿನ ಸೌಲಭ್ಯಗಳಿಗೆ. ಕೋವಿಡ್ ಕಾಲದಲ್ಲಿ ತುಟ್ಟಿಭತ್ಯೆಯ ಮೂರು ಕಂತುಗಳನ್ನು ತಡೆದರು. 2021ರ ಜುಲೈನಲ್ಲಿ ದರ ಶೇ 17ರಿಂದ 28ಕ್ಕೆ ಏರಿತಾದರೂ ನಡುವಿನ 18 ತಿಂಗಳ ಬಾಕಿ ಬರಲೇ ಇಲ್ಲ. ನೌಕರರು, ಪಿಂಚಣಿದಾರರು ಸೇರಿ ಅದರಿಂದ 34,402 ಕೋಟಿ ರೂಪಾಯಿ ಉಳಿಯಿತೆಂದು ಸರ್ಕಾರವೇ ಸಂಸತ್ತಿಗೆ ತಿಳಿಸಿತ್ತು. ಇಂಥ ನಿರ್ಧಾರವನ್ನು ಒಬ್ಬೊಬ್ಬರೇ ತಡೆಯಲಾಗದು. ಆದರೆ ಎಷ್ಟೋ ಮನೆಗಳಲ್ಲಿ ದುಡ್ಡು ಸೋರುತ್ತಿರುವುದು ಸ್ವಂತ ಕಡತದ ತಪ್ಪುಗಳಿಂದ. ಇದನ್ನು ತಡೆಯುವುದು ನಿಮ್ಮ ಕೈಯಲ್ಲೇ ಇದೆ.

ಮೊದಲು ಕಾಗದ ಒಟ್ಟುಮಾಡಿ

ಡಿಸ್ಚಾರ್ಜ್ ಬುಕ್, ಮೂಲ ಪಿಪಿಒ (ಪಿಂಚಣಿ ಪಾವತಿ ಆದೇಶ), ಆಮೇಲೆ ಬಂದ ಎಲ್ಲ ತಿದ್ದುಪಡಿ ಪಿಪಿಒಗಳು, ಆಧಾರ್, ಪ್ಯಾನ್, ಬ್ಯಾಂಕ್ ಪಾಸ್‌ಬುಕ್, ಹೆಂಡತಿಯ ಆಧಾರ್ ಒಂದೇ ಫೈಲಿನಲ್ಲಿರಲಿ. ಹೆಸರು, ಹುಟ್ಟಿದ ದಿನಾಂಕ ಎಲ್ಲದರಲ್ಲೂ ಒಂದೇ ಇದೆಯೇ ನೋಡಿ. ನಮ್ಮ ಕಡೆ ಎಡವಟ್ಟು ಶುರುವಾಗುವುದೇ ಇಲ್ಲಿ. ಕೊಡಗಿನವರ ಮನೆತನದ ಹೆಸರು ಒಂದು ದಾಖಲೆಯಲ್ಲಿ ಮುಂದೆ, ಇನ್ನೊಂದರಲ್ಲಿ ಹಿಂದೆ ಇರುತ್ತದೆ. ಬೆಳಗಾವಿ ಕಡೆಯ ಮನೆಯಲ್ಲಿ ಡಿಸ್ಚಾರ್ಜ್ ಬುಕ್ಕಿನ ‘ಲಕ್ಷ್ಮೀಬಾಯಿ’ ಆಧಾರ್‌ನಲ್ಲಿ ‘ಲಕ್ಷ್ಮವ್ವ’ ಆಗಿರುತ್ತಾಳೆ. ಗಂಡ ಬದುಕಿರುವಷ್ಟು ದಿನ ಇದು ಯಾರ ಕಣ್ಣಿಗೂ ಬೀಳುವುದಿಲ್ಲ. ಅವನು ತೀರಿಕೊಂಡ ತಿಂಗಳೇ ಅವಳ ಪಿಂಚಣಿಗೆ ಅಡ್ಡ ಬರುತ್ತದೆ.

ತಿದ್ದಿಸಬೇಕಾದದ್ದು ರೆಕಾರ್ಡ್ ಆಫೀಸಿನಲ್ಲಿ, ಬ್ಯಾಂಕಿನಲ್ಲಲ್ಲ. ಮರಾಠಾ ಲೈಟ್ ಇನ್‌ಫೆಂಟ್ರಿಯವರಿಗೆ ಬೆಳಗಾವಿ, ಮದ್ರಾಸ್ ಎಂಜಿನಿಯರ್ ಗ್ರೂಪಿನವರಿಗೆ ಬೆಂಗಳೂರು, ಆರ್ಟಿಲರಿಯವರಿಗೆ ನಾಸಿಕ್, ಇಎಂಇಯವರಿಗೆ ಸಿಕಂದರಾಬಾದ್. ಅಫಿಡವಿಟ್ ಮತ್ತು ಆಧಾರ್ ಪ್ರತಿಯೊಂದಿಗೆ ಅರ್ಜಿ ಕೊಟ್ಟರೆ ಅಲ್ಲಿ ದಾಖಲೆ ತಿದ್ದುವ ಪಾರ್ಟ್ ಟು ಆರ್ಡರ್ ಆಗುತ್ತದೆ, ಆಮೇಲೆ ತಿದ್ದುಪಡಿ ಪಿಪಿಒ ಬರುತ್ತದೆ. ಯಜಮಾನರು ಇರುವಾಗಲೇ ಈ ಕೆಲಸ ಮುಗಿಸಿ. ನಂತರ ವಿಧವೆ ಒಬ್ಬಳೇ ಓಡಾಡುವುದೆಂದರೆ ಹೇಳತೀರದ ಪಾಡು.

ಸ್ಪರ್ಶ್ ಖಾತೆ ನಿಮ್ಮ ಕೈಯಲ್ಲಿರಲಿ

ಹಿಂದೆ ಪಿಂಚಣಿಯ ಲೆಕ್ಕ ಬ್ಯಾಂಕುಗಳ ಬಳಿ ಇತ್ತು. ಈಗ ಪ್ರಯಾಗರಾಜ್‌ನ ರಕ್ಷಣಾ ಲೆಕ್ಕಪತ್ರ ಕಚೇರಿ ‘ಸ್ಪರ್ಶ್’ ವ್ಯವಸ್ಥೆಯ ಮೂಲಕ ನೇರವಾಗಿ ಹಾಕುತ್ತದೆ. ಬ್ಯಾಂಕು ಹಣ ಬಂದು ಬೀಳುವ ಜಾಗ ಅಷ್ಟೆ. ಲಾಗಿನ್ ಆಗಿ ಮೊಬೈಲ್ ಸಂಖ್ಯೆ ನಿಮ್ಮದೇ ಇದೆಯೇ ಎಂದು ಮೊದಲು ನೋಡಿ. ಸೈಬರ್ ಸೆಂಟರ್ ಹುಡುಗನ ನಂಬರೇ ದಾಖಲಾಗಿರುವುದೂ ಉಂಟು. ಲಾಗಿನ್ ಬರದಿದ್ದರೆ ಸಾಮಾನ್ಯ ಸೇವಾ ಕೇಂದ್ರಕ್ಕೋ ರಕ್ಷಣಾ ಲೆಕ್ಕಪತ್ರ ಇಲಾಖೆಯ ಸೇವಾ ಕೇಂದ್ರಕ್ಕೋ ಹೋಗಿ ಸರಿಮಾಡಿಸಿಕೊಳ್ಳಿ.

ಜೀವಂತ ಪ್ರಮಾಣಪತ್ರ ವರ್ಷಕ್ಕೊಮ್ಮೆ ಕಡ್ಡಾಯ. ನಿಮ್ಮ ಗಡುವು ಯಾವ ತಿಂಗಳೆಂದು ಸ್ಪರ್ಶ್‌ನಲ್ಲೇ ನೋಡಿಕೊಳ್ಳಿ. ‘ಜೀವನ್ ಪ್ರಮಾಣ್’ ಆ್ಯಪ್‌ನಲ್ಲಿ ಮುಖ ತೋರಿಸಿಯೂ ಮಾಡಬಹುದು, ಓಡಾಡಲಾಗದವರ ಮನೆಗೆ ಪೋಸ್ಟ್‌ಮ್ಯಾನ್ ಬಂದು ಬೆರಳಚ್ಚು ಪಡೆಯುವ ಏರ್ಪಾಡೂ ಇದೆ. ಒಂದು ಕಡೆ ಮಾತ್ರ ಎಚ್ಚರ. ಪಿಂಚಣಿ ಯಾರು ಕೊಡುತ್ತಾರೆ ಎಂಬ ಕಾಲಮ್ಮಿನಲ್ಲಿ ಅಭ್ಯಾಸಬಲದಿಂದ ಬ್ಯಾಂಕಿನ ಹೆಸರು ಆರಿಸುತ್ತಾರೆ. ಪ್ರಮಾಣಪತ್ರ ತಯಾರಾಗುತ್ತದೆ, ಸಂದೇಶವೂ ಬರುತ್ತದೆ, ಆದರೆ ಅದು ಸ್ಪರ್ಶ್‌ಗೆ ತಲುಪುವುದೇ ಇಲ್ಲ. ಕೆಲ ತಿಂಗಳಲ್ಲಿ ಪಿಂಚಣಿ ನಿಲ್ಲುತ್ತದೆ. ಅಲ್ಲಿ ಆರಿಸಬೇಕಾದದ್ದು ‘ಸ್ಪರ್ಶ್ – ಪಿಸಿಡಿಎ ಪೆನ್ಷನ್ಸ್’. ಒಂದು ವಾರ ಬಿಟ್ಟು ಸ್ಪರ್ಶ್ ತೆರೆದು ದಿನಾಂಕ ಮುಂದಕ್ಕೆ ಹೋಗಿದೆಯೇ ನೋಡಿ. ಫೋನಿನಲ್ಲಿ ಒಟಿಪಿ ಕೇಳಿ ‘ಜೀವಂತ ಪ್ರಮಾಣಪತ್ರ ಮಾಡಿಕೊಡುತ್ತೇವೆ’ ಎನ್ನುವವರು ಶುದ್ಧ ಕಳ್ಳರು.

ಪೆನ್ಷನ್ ಸ್ಲಿಪ್ ಓದುವುದು ಹೇಗೆ

ಖಾತೆಗೆ ಬಿದ್ದ ಮೊತ್ತ ನೋಡಿ ಸುಮ್ಮನಾಗಬೇಡಿ. ಸ್ಪರ್ಶ್‌ನಿಂದ ಸ್ಲಿಪ್ ಇಳಿಸಿಕೊಂಡು ಒಂದೊಂದೇ ಸಾಲು ನೋಡಿ. ಸಮಾನ ಶ್ರೇಣಿ–ಸಮಾನ ಪಿಂಚಣಿ 2014ರ ಜುಲೈ 1ರಿಂದ ಜಾರಿಯಲ್ಲಿದ್ದು, ಐದು ವರ್ಷಕ್ಕೊಮ್ಮೆ ಪರಿಷ್ಕರಣೆಯಾಗುತ್ತದೆ. 2024ರ ಜುಲೈ 1ರ ಪರಿಷ್ಕೃತ ಕೋಷ್ಟಕದಲ್ಲಿ ನಿಮ್ಮ ರ‍್ಯಾಂಕ್, ಗ್ರೂಪ್, ಸೇವಾವಧಿಯ ಎದುರಿಗಿರುವ ಮೊತ್ತವೂ ಸ್ಲಿಪ್ಪಿನ ಮೂಲ ಪಿಂಚಣಿಯೂ ತಾಳೆಯಾಗಬೇಕು. ಸೇವಾವಧಿ ಅರ್ಧ ವರ್ಷ ಕಡಿಮೆ ದಾಖಲಾಗಿದ್ದರೂ ಜೀವನಪೂರ್ತಿ ನಷ್ಟ.

ತುಟ್ಟಿಭತ್ಯೆಯ ಲೆಕ್ಕ ಹಾಕಬೇಕಾದದ್ದು ಕಮ್ಯುಟೇಷನ್ (ಪಿಂಚಣಿಯ ಒಂದು ಪಾಲನ್ನು ಮೊದಲೇ ಇಡಿಗಂಟಾಗಿ ಪಡೆದದ್ದು) ಕಳೆಯುವ ಮೊದಲಿನ ಪೂರ್ತಿ ಪಿಂಚಣಿಯ ಮೇಲೆ. ಕಮ್ಯುಟೇಷನ್ ಹಣ ಕೈಸೇರಿ 15 ವರ್ಷವಾದ ಮೇಲೆ ಆ ಕಡಿತ ನಿಲ್ಲಬೇಕು. ಆ ದಿನಾಂಕವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ. 80 ತುಂಬಿದರೆ ಶೇ 20, 85ಕ್ಕೆ ಶೇ 30, 90ಕ್ಕೆ ಶೇ 40 ಹೆಚ್ಚುವರಿ ಸಿಗುತ್ತದೆ. ಕುಟುಂಬ ಪಿಂಚಣಿಗೂ ಇದು ಅನ್ವಯ. ಹಳೆಯ ಪಿಪಿಒಗಳಲ್ಲಿ ಹೆಂಡತಿಯ ಹುಟ್ಟಿದ ದಿನಾಂಕವೇ ಇರುವುದಿಲ್ಲವಾದ್ದರಿಂದ 80 ದಾಟಿದ ಎಷ್ಟೋ ಅಜ್ಜಿಯರು ಈ ಮೊತ್ತ ಕಂಡೇ ಇಲ್ಲ.

ಯುದ್ಧದಲ್ಲೋ ಕರ್ತವ್ಯದಲ್ಲೋ ಅಂಗವೈಕಲ್ಯ ಆದವರು ಇನ್ನೊಂದು ವಿಷಯ ಗಮನಿಸಿ. ವೈಕಲ್ಯ ಶೇ 20ರಿಂದ 49 ಇದ್ದರೆ 50 ಎಂದು, 50ರಿಂದ 75 ಇದ್ದರೆ 75 ಎಂದು, 75 ಮೀರಿದರೆ 100 ಎಂದು ಲೆಕ್ಕ ಹಿಡಿಯಬೇಕು. ಅವಧಿ ಮುಗಿಸಿ ನಿವೃತ್ತರಾದವರಿಗೂ ಇದು ಸಲ್ಲುತ್ತದೆಂದು 2014ರ ಡಿಸೆಂಬರ್‌ನಲ್ಲಿ ರಾಮ್ ಅವತಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನಿಸಿತು. 2023ರ ಸೆಪ್ಟೆಂಬರ್‌ನಲ್ಲಿ ಹೊಸ ನಿಯಮಗಳು ಬಂದಿರುವುದರಿಂದ ಆ ನಂತರ ನಿವೃತ್ತರಾದವರು ಮೆಡಿಕಲ್ ಬೋರ್ಡಿನ ಕಾಗದಗಳನ್ನು ಕಾನೂನು ಬಲ್ಲವರಿಗೆ ತೋರಿಸುವುದು ಒಳ್ಳೆಯದು.

ಆಸ್ಪತ್ರೆಯ ವಿಚಾರ

ಮಾಜಿ ಸೈನಿಕರ ವೈದ್ಯಕೀಯ ಯೋಜನೆ ಇಸಿಎಚ್ಎಸ್ 2003ರ ಏಪ್ರಿಲ್‌ನಲ್ಲಿ ಶುರುವಾದದ್ದು. ಅನುದಾನ ತಡವಾದಾಗ ಖಾಸಗಿ ಆಸ್ಪತ್ರೆಗಳ ಬಿಲ್ ಬಾಕಿ ಬೀಳುತ್ತದೆ, ‘ಕಾರ್ಡ್ ನಡೆಯಲ್ಲ’ ಎಂಬ ಉತ್ತರ ಸಿಗುತ್ತದೆ. ಪಾಲಿಕ್ಲಿನಿಕ್‌ನಿಂದ ರೆಫರಲ್ ಪಡೆಯುವಾಗಲೇ ಯಾವ ಆಸ್ಪತ್ರೆ ಈಗ ಒಪ್ಪುತ್ತಿದೆ ಎಂದು ಕೇಳಿಕೊಳ್ಳಿ. ತುರ್ತಿನಲ್ಲಿ ಪಟ್ಟಿಯಲ್ಲಿಲ್ಲದ ಆಸ್ಪತ್ರೆ ಸೇರಿದರೆ 48 ಗಂಟೆಯೊಳಗೆ ಹತ್ತಿರದ ಪಾಲಿಕ್ಲಿನಿಕ್‌ಗೆ ತಿಳಿಸಿ, ತಿಳಿಸಿದ್ದಕ್ಕೆ ಲಿಖಿತ ಪುರಾವೆ ಇಟ್ಟುಕೊಳ್ಳಿ. ಇದೊಂದು ತಪ್ಪಿದರೆ ಬಿಲ್ಲಿನ ಹಣ ವಾಪಸ್ ಪಡೆಯಲು ಒದ್ದಾಡಬೇಕಾಗುತ್ತದೆ.

ಕೇಳಿದರೂ ಕೊಡದಿದ್ದರೆ

ಮೊದಲು ಸ್ಪರ್ಶ್‌ನಲ್ಲೇ ದೂರು ದಾಖಲಿಸಿ ಸಂಖ್ಯೆ ಬರೆದಿಟ್ಟುಕೊಳ್ಳಿ. ಸಹಾಯವಾಣಿ 1800 180 5325. ಉತ್ತರ ಬಾರದಿದ್ದರೆ ಪಿಂಚಣಿ ದೂರುಗಳ ಸಿಪೆನ್‌ಗ್ರಾಮ್ಸ್ ಪೋರ್ಟಲ್, ಆಮೇಲೆ ರೆಕಾರ್ಡ್ ಆಫೀಸಿಗೆ ಮಾಹಿತಿ ಹಕ್ಕಿನ ಅರ್ಜಿ. ಎಲ್ಲ ಉತ್ತರವನ್ನೂ ಬರಹದಲ್ಲೇ ಪಡೆಯಿರಿ, ಬಾಯಿಮಾತಿನ ಭರವಸೆಗೆ ಮುಂದೆ ನ್ಯಾಯಮಂಡಳಿಯಲ್ಲಿ ಬೆಲೆಯಿಲ್ಲ. ಕೊನೆಯ ದಾರಿ ಸಶಸ್ತ್ರ ಪಡೆಗಳ ನ್ಯಾಯಮಂಡಳಿ. ಕರ್ನಾಟಕದವರು ಕೊಚ್ಚಿ ಪೀಠದ ವ್ಯಾಪ್ತಿಗೆ ಬರುತ್ತಾರೆ. ಅಂತಿಮ ಆದೇಶ ಬಂದ ಆರು ತಿಂಗಳೊಳಗೆ ಹೋಗುವುದು ಕ್ಷೇಮ. ಪಿಂಚಣಿ ಪ್ರತಿ ತಿಂಗಳೂ ಮುಂದುವರಿಯುವ ಅನ್ಯಾಯವಾದ್ದರಿಂದ ತಡವಾಗಿ ಹೋದವರ ಅರ್ಜಿಯನ್ನೂ ಕೇಳುತ್ತಾರೆ, ಆದರೆ ಹಿಂಬಾಕಿ ಸಾಮಾನ್ಯವಾಗಿ ಮೂರು ವರ್ಷದ್ದಷ್ಟೇ ಸಿಗುತ್ತದೆ. ಹತ್ತು ವರ್ಷ ಸುಮ್ಮನಿದ್ದವರಿಗೆ ಏಳು ವರ್ಷದ ದುಡ್ಡು ಹೋದಂತೆಯೇ.

ಸರ್ಕಾರದ ನೀತಿಯೇ ಅಡ್ಡ ಬಂದಾಗ ಸಂಘಟನೆ ಬೇಕು. ಸಮಾನ ಪಿಂಚಣಿಯ ಬಾಕಿಯನ್ನು ಸರ್ಕಾರ ಎಳೆದಾಡಿದಾಗ ಮಾಜಿ ಸೈನಿಕರ ಸಂಘಟನೆ ಹೋಗಿ ನಿಂತದ್ದು ಸುಪ್ರೀಂ ಕೋರ್ಟಿನಲ್ಲಿ. 2023ರ ಮಾರ್ಚ್ 20ರಂದು ಕೋರ್ಟ್ ಗಡುವು ಕೊಟ್ಟ ಮೇಲೆ ಹಂತಹಂತವಾಗಿ ಹಣ ಬಂತು. ನಿಮ್ಮ ತಾಲ್ಲೂಕಿನ ಸಂಘಕ್ಕೆ ಸದಸ್ಯರಾಗಿ ಚಂದಾ ಕಟ್ಟುವುದು ದಂಡವಲ್ಲ.

ಪಿಂಚಣಿಯೇ ಇಲ್ಲದೆ ಸೇನೆ ಬಿಟ್ಟವರೂ ಅವರ ವಿಧವೆಯರೂ ಊರೂರಲ್ಲಿದ್ದಾರೆ. 65 ದಾಟಿದ ಅಂಥ ಬಡವರಿಗೆ ಕೇಂದ್ರೀಯ ಸೈನಿಕ ಮಂಡಳಿ ಕೊಡುವ ಸಹಾಯಧನ 2025ರ ನವೆಂಬರ್‌ನಿಂದ ತಿಂಗಳಿಗೆ 4,000ದಿಂದ 8,000 ರೂಪಾಯಿಗೆ ಏರಿದೆ. ಅರ್ಜಿ ಕೊಡಲು ಜಿಲ್ಲಾ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಕಚೇರಿಗೆ ಹೋಗಬೇಕು. ನಿಮ್ಮ ಬೀದಿಯಲ್ಲಿ ಅಂಥವರಿದ್ದರೆ ಮುಂದಿನ ಸಲ ಆ ಕಚೇರಿಗೆ ಹೋಗುವಾಗ ಜೊತೆಗೆ ಕರೆದುಕೊಂಡು ಹೋಗಿ.